ಲ್ಯಾಪ್‌ಟಾಪ್ ವೇಗ ತಗ್ಗಿಸಿದ್ದು ಯಾರು? ಹೀಗೆ ಹುಡುಕಿ

ಮಳೆಗಾಲ ಬಂತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಕರೆಂಟ್ ಹೋಗುತ್ತದೆ, ಬರುತ್ತದೆ. ಮನೆಯಿಂದಲೇ ಕೆಲಸ ಮಾಡುವವರಿಗೆ ಇದರ ಜೊತೆ ಇನ್ನೊಂದು ತಲೆನೋವು. ಕರೆಂಟ್ ಬಂದ ಮೇಲೂ ಲಿನಕ್ಸ್ ಲ್ಯಾಪ್‌ಟಾಪ್ ತೆವಳುತ್ತಲೇ ಇರುತ್ತದೆ. ಹಾಗಂತ ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಪ್ರೊಸೆಸರ್ ವೇಗವನ್ನು ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ತಗ್ಗಿಸಿರಬಹುದು, ಯಾವುದೋ ತಂತ್ರಾಂಶ ತಗ್ಗಿಸಿರಬಹುದು, ಚಾರ್ಜರ್ ಕೂಡ ಕಾರಣ ಇರಬಹುದು. ಯಾರೆಂದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಮೊದಲು ದೊಡ್ಡ ಫೋಲ್ಡರ್ ಒಂದನ್ನು ಜಿಪ್ ಮಾಡಲು ಬಿಡಿ. ಕೆಲಸವಿಲ್ಲದಾಗ ವೇಗ ಇಳಿಯುವುದು ಸಹಜ, ಅದನ್ನು ನೋಡಿ ಗಾಬರಿ ಬೇಡ. ಜಿಪ್ ನಡೆಯುತ್ತಿರುವಾಗಲೇ ಟರ್ಮಿನಲ್‌ನಲ್ಲಿ 'ಸಿಪಿಯುಪವರ್' ಟೂಲಿನ ಫ್ರೀಕ್ವೆನ್ಸಿ ಮಾಹಿತಿ (cpupower frequency-info) ತೆರೆಯಿರಿ. ಡ್ರೈವರ್ (ಪ್ರೊಸೆಸರ್ ವೇಗ ಬದಲಿಸುವ ಕರ್ನಲ್ ಭಾಗ), ಗವರ್ನರ್ (ವೇಗ ಎಷ್ಟಿರಬೇಕೆಂದು ತೀರ್ಮಾನಿಸುವ ನಿಯಮ), ಈಗಿನ ವೇಗ, ಮೇಲಿನ ಮಿತಿ ನಾಲ್ಕೂ ಅಲ್ಲೇ ಸಿಗುತ್ತವೆ. ಬರೆದಿಟ್ಟುಕೊಳ್ಳಿ.

ಗವರ್ನರ್ 'ಪವರ್‌ಸೇವ್' ಎಂದಿದ್ದರೆ ಅದೇ ತಪ್ಪಿತಸ್ಥ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಡ್ರೈವರ್ ಯಾವುದು ಅಂತಲೂ ನೋಡಬೇಕು. ಹಳೆಯ ಎಸಿಪಿಐ ಡ್ರೈವರ್‌ನಲ್ಲಿ (acpi-cpufreq) ಪವರ್‌ಸೇವ್ ನಿಜಕ್ಕೂ ಕನಿಷ್ಠ ವೇಗಕ್ಕೆ ಕಟ್ಟಿಹಾಕುತ್ತದೆ. 2013ರಲ್ಲಿ ಕರ್ನಲ್ 3.9ರ ಜೊತೆ ಬಂದ ಇಂಟೆಲ್ ಪಿ-ಸ್ಟೇಟ್ ಡ್ರೈವರ್‌ನಲ್ಲಿ (intel_pstate) ಹಾಗಲ್ಲ. ಅಲ್ಲಿ ಪವರ್‌ಸೇವ್ ಇದ್ದರೂ ಕೆಲಸ ಜಾಸ್ತಿಯಾದಂತೆ ವೇಗ ಏರುತ್ತದೆ. ಏರುತ್ತಿದ್ದರೆ ಬದಲಿಸುವ ಅಗತ್ಯವೇ ಇಲ್ಲ.

ಮುಂದೆ ಮಿತಿ. ಪ್ರೊಸೆಸರಿನ ಗರಿಷ್ಠ ವೇಗಕ್ಕಿಂತ ಈಗ ಹಾಕಿರುವ ಮೇಲಿನ ಮಿತಿ ಕಡಿಮೆ ಇದೆಯೇ? ಹಾಗಿದ್ದರೆ ಯಾವುದೋ ತಂತ್ರಾಂಶ ತಡೆ ಹಾಕಿರಬಹುದು. ವಿದ್ಯುತ್ ಬಳಕೆ ನಿಯಂತ್ರಿಸುವ ತಂತ್ರಾಂಶಗಳಾದ ಟಿಎಲ್‌ಪಿ ಮತ್ತು ಪವರ್ ಪ್ರೊಫೈಲ್ಸ್ ಡೀಮನ್ ಎರಡೂ ಇದ್ದರೆ ಒಂದನ್ನು ತೆಗೆಯಿರಿ.

ಗವರ್ನರ್, ಮಿತಿ ಎರಡೂ ಸರಿ ಇದ್ದು ವೇಗ ಮಾತ್ರ 400 ಅಥವಾ 800 ಮೆಗಾಹರ್ಟ್ಸ್‌ಗೆ ಅಂಟಿಕೊಂಡಿದೆಯೇ? ಆಗ ಚಾರ್ಜರ್ ಕಡೆ ನೋಡಿ. ಅಡಾಪ್ಟರ್ ಕೆಟ್ಟಿದ್ದರೆ, ಅದರ ವ್ಯಾಟ್ ಸಾಲದಿದ್ದರೆ, ಬ್ಯಾಟರಿ ಹಾಳಾಗಿದ್ದರೆ ಕೆಲವು ಲ್ಯಾಪ್‌ಟಾಪ್‌ಗಳ ಮದರ್‌ಬೋರ್ಡ್ 'ಪ್ರೊಕ್‌ಹಾಟ್' ಎಂಬ ಸಂಕೇತ ಕಳಿಸಿ ಪ್ರೊಸೆಸರನ್ನು ಕೆಳಗಿಳಿಸುತ್ತದೆ. ಕರ್ನಲ್ ಸೆಟ್ಟಿಂಗ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಚಾರ್ಜರ್ ಕಳಚಿ ಬರೀ ಬ್ಯಾಟರಿಯಲ್ಲಿ ನೋಡಿ, ಆಮೇಲೆ ಅದೇ ವ್ಯಾಟ್‌ನ ಬೇರೆ ಅಡಾಪ್ಟರ್ ಹಾಕಿ ನೋಡಿ. ಸಂಕೇತವನ್ನೇ ಬಂದ್ ಮಾಡುವ ಟೂಲ್‌ಗಳಿವೆ, ದಯವಿಟ್ಟು ಅವನ್ನು ಬಳಸಬೇಡಿ. ಅದು ಯಂತ್ರವನ್ನು ಕಾಪಾಡಲು ಇರುವ ವ್ಯವಸ್ಥೆ.

ಮಲೆನಾಡಿನ ಥಂಡಿಯಲ್ಲಿ ಬಿಸಿ ಎಲ್ಲಿಂದ ಬರಬೇಕು ಅನ್ನಿಸಬಹುದು, ಅಲ್ವಾ? ಫ್ಯಾನಿನಲ್ಲಿ ಧೂಳು ಕಟ್ಟಿದ್ದರೆ ಹೊರಗೆ ಎಷ್ಟೇ ತಂಪಿದ್ದರೂ ಒಳಗೆ ಕಾಯುತ್ತದೆ. ಇಂಟೆಲ್ ಯಂತ್ರಗಳಲ್ಲಿ ಬಿಸಿಯಿಂದ ವೇಗ ಇಳಿದ ಲೆಕ್ಕವನ್ನು ಕರ್ನಲ್ ಇಡುತ್ತದೆ. ಜಿಪ್ ನಡೆಯುವಾಗ ಆ ಸಂಖ್ಯೆ ಏರುತ್ತಿದ್ದರೆ ಫ್ಯಾನ್ ಸ್ವಚ್ಛ ಮಾಡಿಸಿ.

ಬೂಟ್ ಆಯ್ಕೆ (ಕರ್ನಲ್ ಶುರುವಾಗುವಾಗ ಅದಕ್ಕೆ ಕೊಡುವ ಸೂಚನೆ) ಬದಲಿಸಿ ನೋಡುವುದಿದ್ದರೆ, ಲ್ಯಾಪ್‌ಟಾಪ್ ಆನ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಆ ಒಂದು ಸಲಕ್ಕೆ ಮಾತ್ರ ಬದಲಿಸಿ. ರೀಸ್ಟಾರ್ಟ್ ಮಾಡಿದರೆ ಮೊದಲಿನಂತಾಗುತ್ತದೆ. ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಬೇಕಾದರೆ ಬ್ಯಾಟರಿ ತುಂಬಿಸಿಕೊಂಡು, ಚಾರ್ಜರ್ ಹಾಕಿಯೇ, ಕರೆಂಟ್ ಹೋಗದೆ ಸ್ಥಿರವಾಗಿರುವ ದಿನ ಮಾಡಿ.