ಹುಟ್ಟುಹಬ್ಬಕ್ಕೆ ಮನೆಯಲ್ಲೇ ರೆಡ್ ವೆಲ್ವೆಟ್ ಕೇಕ್ ಮಾಡುವ ಕ್ರಮ

ರೆಡ್ ವೆಲ್ವೆಟ್ ಎಂದರೆ ಕೆಂಪು ಬಣ್ಣ ಬೆರೆಸಿದ ವೆನಿಲಾ ಕೇಕ್ ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಜನರಿಗಿದೆ, ಪೇಟೆಯಲ್ಲಿ ಸಿಗುವ ಎಷ್ಟೋ ಕೇಕುಗಳು ಆ ತಿಳಿವಳಿಕೆಯನ್ನೇ ಗಟ್ಟಿ ಮಾಡುತ್ತವೆ. ನಿಜವಾಗಿ ಈ ಕೇಕಿನ ಜೀವ ಇರುವುದು ಮಜ್ಜಿಗೆಯ ಹುಳಿಯಲ್ಲಿ, ಹಿನ್ನೆಲೆಯಲ್ಲಿ ಮಾತ್ರ ಗೊತ್ತಾಗುವ ಕೋಕೋದ ತೆಳು ಕಹಿಯಲ್ಲಿ ಮತ್ತು ಮಕಮಲ್ಲಿನಂತೆ ನವಿರಾದ ಒಳಮೈಯಲ್ಲಿ. ಇವು ಮೂರೂ ಸರಿಯಾಗಿ ಕೂಡಿ ಬಂದರೆ ಬಣ್ಣ ತುಸು ಮಂಕಾಗಿದ್ದರೂ ಅದು ರೆಡ್ ವೆಲ್ವೆಟ್ಟೇ; ಇವು ಇಲ್ಲದೆ ಬಣ್ಣ ಎಷ್ಟೇ ಗಾಢವಾಗಿದ್ದರೂ ಅಲ್ಲ. ಮನೆಯಲ್ಲಿ ಮಾಡಲು ಹೊರಟವರು ಈ ಒಂದು ವಿಷಯವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪ್ರತಿ ಹಂತದಲ್ಲೂ ಏನನ್ನು ಕಾಯಬೇಕು, ಏನನ್ನು ಬಿಡಬಹುದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಇದು ಅಮೆರಿಕದ ಕೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಮೃದುವಾದ ಒಳಮೈಯ ಕೇಕುಗಳನ್ನು ವೆಲ್ವೆಟ್ ಕೇಕ್ ಎಂದು ಕರೆಯುವ ರೂಢಿ ಬೆಳೆಯಿತು. ಆ ಬಗೆಯ ಕೇಕಿಗೆ ಕೋಕೋ ಸೇರಿದಾಗ, ಕೋಕೋದಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯವು ಮಜ್ಜಿಗೆ ಮತ್ತು ವಿನಿಗರ್‌ನ ಹುಳಿಯ ಸಂಗದಲ್ಲಿ ನಸುಗೆಂಪಿಗೆ ತಿರುಗುತ್ತಿತ್ತು. ಇಂದಿನ ಕಡುಗೆಂಪು ಬಂದದ್ದು ತಡವಾಗಿ. ಟೆಕ್ಸಾಸ್‌ನ ಆಡಮ್ಸ್ ಎಕ್ಸ್‌ಟ್ರಾಕ್ಟ್ ಎಂಬ ಕಂಪನಿ ತನ್ನ ಆಹಾರ ಬಣ್ಣದ ಮಾರಾಟವನ್ನು ಹೆಚ್ಚಿಸಲು ಈ ಕೇಕಿನ ಪಾಕವಿಧಾನವನ್ನು ಅಚ್ಚು ಹಾಕಿಸಿ ಹಂಚಿತು. ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನ ಹೆಸರೂ ಈ ಕೇಕಿಗೆ ಅಂಟಿಕೊಂಡಿದೆ. ಗುಲಾಮಗಿರಿಯ ಅಂತ್ಯವನ್ನು ನೆನೆಯುವ ಜೂನ್ 19ರ ಜೂನ್‌ಟೀನ್ತ್ ಹಬ್ಬದಲ್ಲಿ ಕಪ್ಪು ಅಮೆರಿಕನ್ನರು ಕೆಂಪು ಬಣ್ಣದ ತಿನಿಸುಗಳನ್ನು ಹಂಚಿಕೊಳ್ಳುತ್ತಾರೆ, ಆ ಊಟದಲ್ಲಿ ಈ ಕೇಕಿಗೂ ಸ್ಥಾನವಿದೆ. ಹೀಗೆ ಸಂಭ್ರಮದ ತಿನಿಸಾಗಿಯೇ ಬೆಳೆದ ಕೇಕು ಇದು.

ಇನ್ನು ಸಾಮಗ್ರಿ. 20 ಸೆಂಟಿಮೀಟರ್ ಅಗಲದ ಎರಡು ದುಂಡು ಟಿನ್ನುಗಳಿಗೆ, ಅಂದರೆ ಸುಮಾರು ಹದಿನೈದು ಜನರಿಗೆ ಸಾಕಾಗುವ ಎರಡು ಪದರದ ಕೇಕಿಗೆ, ಮೈದಾ 260 ಗ್ರಾಂ, ಕಾರ್ನ್‌ಫ್ಲೋರ್ 30 ಗ್ರಾಂ, ಸಕ್ಕರೆ 280 ಗ್ರಾಂ, ಕೋಕೋ ಪುಡಿ 12 ಗ್ರಾಂ, ಅಡುಗೆ ಸೋಡಾ ಮುಕ್ಕಾಲು ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಬೆಣ್ಣೆ 100 ಗ್ರಾಂ, ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ 100 ಮಿಲಿಲೀಟರ್, ಮೊಟ್ಟೆ 2, ಹುಳಿ ಮಜ್ಜಿಗೆ 240 ಮಿಲಿಲೀಟರ್, ಬಿಳಿ ವಿನಿಗರ್ 2 ಟೀ ಚಮಚ ಮತ್ತು ವೆನಿಲಾ 2 ಟೀ ಚಮಚ ಬೇಕಾಗುತ್ತದೆ. ಅಂಗಡಿಯ ಉಪ್ಪು ಹಾಕಿದ ಬೆಣ್ಣೆ ಬಳಸಿದರೆ ಬೇರೆ ಉಪ್ಪು ಬೇಡ; ಮನೆಯ ಬೆಣ್ಣೆಯಾದರೆ ಕಾಲು ಚಮಚ ಸೇರಿಸಿಕೊಳ್ಳಬೇಕು. ಲೋಟದ ಲೆಕ್ಕವನ್ನು ಬಿಟ್ಟು ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗುವುದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಒತ್ತಿ ತುಂಬಿದ ಒಂದು ಲೋಟ ಮೈದಾಕ್ಕೂ ಸಡಿಲವಾಗಿ ತುಂಬಿದ ಲೋಟಕ್ಕೂ ಮೂವತ್ತು ನಲವತ್ತು ಗ್ರಾಂ ವ್ಯತ್ಯಾಸ ಸುಲಭವಾಗಿ ಬಂದುಬಿಡುತ್ತದೆ, ಕೇಕು ಒಣಗಲು ಅಷ್ಟು ಸಾಕು.

ಮಜ್ಜಿಗೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಅಮೆರಿಕದ ಪಾಕವಿಧಾನಗಳಲ್ಲಿ ಬರುವ ಮಜ್ಜಿಗೆ ಹೆಪ್ಪು ಹಾಕಿ ತಯಾರಿಸಿದ, ನಮ್ಮ ಕಡೆದ ಮೊಸರಿನಷ್ಟು ದಪ್ಪನೆಯ ಪದಾರ್ಥ. ಊಟದ ಕೊನೆಗೆ ನಾವು ಕುಡಿಯುವ ನೀರು ಮಜ್ಜಿಗೆ ಅದಲ್ಲ. ಒಂದು ದಿನ ಹೊರಗಿಟ್ಟು ಚೆನ್ನಾಗಿ ಹುಳಿ ಬಂದ 160 ಗ್ರಾಂ ಮೊಸರಿಗೆ 80 ಮಿಲಿಲೀಟರ್ ನೀರು ಸೇರಿಸಿ ಕಡೆದುಕೊಂಡರೆ ಬೇಕಾದ ಹದ ಸಿಗುತ್ತದೆ. ಸಿಹಿ ಮೊಸರು ಇದಕ್ಕೆ ಆಗುವುದಿಲ್ಲ. ಮೊಸರಿನ ಲ್ಯಾಕ್ಟಿಕ್ ಆಮ್ಲ ಮತ್ತು ವಿನಿಗರ್‌ನ ಅಸಿಟಿಕ್ ಆಮ್ಲ ಸೋಡಾದೊಂದಿಗೆ ಸೇರಿ ಹೊರಡಿಸುವ ಇಂಗಾಲದ ಡೈಆಕ್ಸೈಡ್‌ನಿಂದಲೇ ಕೇಕು ಉಬ್ಬುವುದು, ಜೊತೆಗೆ ಮೈದಾದ ಅಂಟು ಬಿಗಿಯಾಗದಂತೆ ಆ ಹುಳಿ ನೋಡಿಕೊಳ್ಳುತ್ತದೆ. ಹುಳಿ ಕಡಿಮೆಯಾಗಿ ಸೋಡಾ ಉಳಿದುಹೋದರೆ ಕೇಕಿಗೆ ಸಾಬೂನಿನಂಥ ರುಚಿ ಬರುತ್ತದೆ, ಬಣ್ಣವೂ ಕಂದಿಗೆ ತಿರುಗುತ್ತದೆ. ಸೋಡಾ ಚಮಚವನ್ನು ಗೋಪುರವಾಗಿ ತುಂಬದೆ ಚಾಕುವಿನ ಬೆನ್ನಿನಿಂದ ಸಮ ಮಾಡಿ ಅಳೆಯಬೇಕೆಂದು ಹೇಳುವುದು ಇದೇ ಕಾರಣಕ್ಕೆ.

ಕೋಕೋ ಪುಡಿಯಲ್ಲೂ ಎರಡು ಬಗೆಯಿದೆ. ಒಂದು ಸಹಜವಾದದ್ದು, ತಿಳಿಗಂದು ಬಣ್ಣದ್ದು, ತುಸು ಹುಳಿಯಿರುವಂಥದ್ದು. ಇನ್ನೊಂದು ಕ್ಷಾರದಿಂದ ಸಂಸ್ಕರಿಸಿದ, ಡಚ್ ಎಂದು ಕರೆಯುವ ಕಪ್ಪುಗಂದು ಪುಡಿ. ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ಅಸಿಡಿಟಿ ರೆಗ್ಯುಲೇಟರ್ ಎಂದಿದ್ದು 500 ಅಥವಾ 501 ಎಂಬ ಸಂಖ್ಯೆ ಕಂಡರೆ ಅದು ಎರಡನೆಯ ಬಗೆ. ಚಾಕೊಲೇಟ್ ಕೇಕಿಗೆ ಅದು ಒಳ್ಳೆಯದೇ, ಆದರೆ ಇಲ್ಲಿ ಅದು ಕೆಂಪನ್ನು ನುಂಗಿಹಾಕುತ್ತದೆ.

ಬಣ್ಣದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. 2024ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಇಲಾಖೆ ಬೇಕರಿ ಕೇಕುಗಳ 235 ಮಾದರಿಗಳನ್ನು ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿದಾಗ 12 ಮಾದರಿಗಳಲ್ಲಿ ಕೃತಕ ಬಣ್ಣಗಳು ಅಸುರಕ್ಷಿತವೆಂದು ಕಂಡುಬಂದಿದ್ದವು, ಆಗ ಹೆಸರಿಸಲಾದ ಬಗೆಗಳಲ್ಲಿ ರೆಡ್ ವೆಲ್ವೆಟ್ ಕೂಡ ಇತ್ತು. ನಮ್ಮ ದೇಶದ ನಿಯಮದಂತೆ ಅನುಮತಿ ಪಡೆದ ಕೃತಕ ಬಣ್ಣ ಕೂಡ ಸಿದ್ಧ ಕೇಕಿನ ಒಂದು ಕಿಲೋಗ್ರಾಂಗೆ 100 ಮಿಲಿಗ್ರಾಂ ಮೀರಬಾರದು. ಮನೆಯಲ್ಲಿ ಮಕ್ಕಳಿಗಾಗಿ ಮಾಡುವಾಗ ಈ ಮಿತಿಗಿಂತ ಬಹಳ ಕೆಳಗೆ ನಿಲ್ಲಲು ನಮಗೆ ಪೂರ್ತಿ ಸ್ವಾತಂತ್ರ್ಯವಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಪರವಾನಗಿ ಸಂಖ್ಯೆ ಇರುವ ಜೆಲ್ ಬಣ್ಣವನ್ನೇ ಕೊಳ್ಳಿ, ಅರ್ಧ ಟೀ ಚಮಚದಿಂದ ಆರಂಭಿಸಿ, ಹಿಟ್ಟು ಇಟ್ಟಿಗೆಯ ಕೆಂಪಿಗೆ ಬಂದ ಕೂಡಲೇ ಕೈ ತಡೆಯಿರಿ. ಬೆಂದ ಮೇಲೆ ಒಳಮೈಯ ಬಣ್ಣ ಹಸಿ ಹಿಟ್ಟಿಗಿಂತ ಗಾಢವಾಗಿ ಕಾಣುತ್ತದೆ.

ಬೀಟ್‌ರೂಟ್ ಹಾಕಿದರಾಯಿತಲ್ಲ ಎಂದು ಹಲವರು ಕೇಳುತ್ತಾರೆ. ಮಗಳ ಆರನೆಯ ಹುಟ್ಟುಹಬ್ಬಕ್ಕೆ ನಾನೂ ಹಾಗೆಯೇ ಯೋಚಿಸಿ, ಬೇಯಿಸಿ ರುಬ್ಬಿದ ಬೀಟ್‌ರೂಟನ್ನು ಬೆರೆಸಿದ್ದೆ. ಬಟ್ಟಲಿನಲ್ಲಿ ಹಿಟ್ಟು ದಾಸವಾಳದ ಬಣ್ಣಕ್ಕಿತ್ತು. ಅರ್ಧ ಗಂಟೆಯ ನಂತರ ಒವನ್‌ನಿಂದ ಹೊರಬಂದದ್ದು ಬೆಲ್ಲದ ಬಣ್ಣದ ಕೇಕು, ತುಂಡು ಮಾಡಿದಾಗ ನಡುವೆ ಮಾತ್ರ ಒಂದು ಗುಲಾಬಿ ಗೆರೆ ಉಳಿದಿತ್ತು. ಬೀಟ್‌ರೂಟಿನ ಬೀಟಾಲೈನ್ ವರ್ಣದ್ರವ್ಯ ಹುಳಿಯಲ್ಲಿ ಉಳಿಯುತ್ತದೆ, ಕ್ಷಾರ ಮತ್ತು ಬಿಸಿ ಎರಡನ್ನೂ ಸಹಿಸುವುದಿಲ್ಲ ಎಂಬುದನ್ನು ಅಂದು ಕಣ್ಣಾರೆ ಕಂಡೆ. ಬೀಟ್‌ರೂಟೇ ಬೇಕೆನ್ನುವವರು ಅದನ್ನು ಬೇಯಿಸದೆ ಹಸಿಯಾಗಿಯೇ ತುರಿದು ರಸ ಹಿಂಡಬೇಕು, ಆ ರಸದ 80 ಮಿಲಿಲೀಟರ್‌ಗೆ ಒಂದು ಚಮಚ ನಿಂಬೆರಸ ಸೇರಿಸಬೇಕು, ಮಜ್ಜಿಗೆಯಲ್ಲಿ ಹಾಕುವ ನೀರಿನ ಬದಲು ಅದನ್ನು ಬಳಸಿ ಸೋಡಾವನ್ನು ಅರ್ಧ ಚಮಚಕ್ಕೆ ಇಳಿಸಬೇಕು, ಉಬ್ಬಲು ಬೇಕಾದ ಬಲಕ್ಕೆ ಬೇಕಿಂಗ್ ಪೌಡರನ್ನು ಒಂದೂವರೆ ಚಮಚಕ್ಕೆ ಏರಿಸಬೇಕು. ಹೀಗೆ ಮಾಡಿದರೂ ಸಿಗುವುದು ಗುಲಾಬಿ ಛಾಯೆಯ ಕಂದು. ಅದನ್ನು ಒಪ್ಪಿಕೊಳ್ಳುವ ಮನಸ್ಸಿದ್ದರೆ ರುಚಿಗೆ ಯಾವ ಕೊರತೆಯೂ ಇಲ್ಲ.

ಕೆಲಸಕ್ಕೆ ಇಳಿಯುವ ಒಂದು ಗಂಟೆ ಮೊದಲು ಬೆಣ್ಣೆ, ಮೊಟ್ಟೆ, ಮಜ್ಜಿಗೆ ಮೂರನ್ನೂ ಫ್ರಿಜ್‌ನಿಂದ ಹೊರಗಿಡಿ. ಟಿನ್ನುಗಳಿಗೆ ಬೆಣ್ಣೆ ಸವರಿ ತಳಕ್ಕೆ ಬಟರ್ ಪೇಪರ್ ಹಾಸಿ. ಒವನನ್ನು 175 ಡಿಗ್ರಿ ಸೆಲ್ಸಿಯಸ್‌ಗೆ ಹದಿನೈದು ನಿಮಿಷ ಮುಂಚಿತವಾಗಿ ಕಾಯಿಸುವುದು ಕಡ್ಡಾಯ. ಸೋಡಾಕ್ಕೆ ಹುಳಿ ತಾಗಿದ ಕ್ಷಣದಿಂದಲೇ ಗಾಳಿ ಹೊರಡಲು ಶುರುವಾಗುವುದರಿಂದ, ಹಿಟ್ಟು ಕಲಸಿಟ್ಟು ಒವನ್ ಕಾಯಲಿ ಎಂದು ಕುಳಿತರೆ ಆ ಗಾಳಿಯೆಲ್ಲ ಅಡುಗೆಮನೆಯ ಪಾಲಾಗುತ್ತದೆ.

ಮೈದಾ, ಕಾರ್ನ್‌ಫ್ಲೋರ್, ಕೋಕೋ, ಸೋಡಾ, ಬೇಕಿಂಗ್ ಪೌಡರ್ ಇವನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ನಮ್ಮ ಸಕ್ಕರೆಯ ಹರಳು ದಪ್ಪ, ಆದ್ದರಿಂದ ಅದನ್ನು ಮಿಕ್ಸಿಯಲ್ಲಿ ಪುಡಿ ಮಾಡಿಕೊಂಡೇ ಬೆಣ್ಣೆಯೊಂದಿಗೆ ಸೇರಿಸಿ, ಬೀಟರ್‌ನಲ್ಲಿ ನಾಲ್ಕು ನಿಮಿಷ, ಬೆಣ್ಣೆಯ ಹಳದಿ ಬಹುತೇಕ ಬೆಳ್ಳಗಾಗುವವರೆಗೆ ಕಡೆಯಿರಿ. ಎಣ್ಣೆಯನ್ನು ನಿಧಾನವಾಗಿ ಸುರಿಯಿರಿ, ಮೊಟ್ಟೆಗಳನ್ನು ಒಂದಾದ ಮೇಲೊಂದರಂತೆ ಒಡೆದು ಹಾಕಿ, ವೆನಿಲಾ ಮತ್ತು ಬಣ್ಣವನ್ನೂ ಈಗಲೇ ಬೆರೆಸಿ. ಬಣ್ಣವನ್ನು ಕೊನೆಗೆ ಹಾಕಿದರೆ ಅದು ಸಮವಾಗಿ ಹರಡುವಷ್ಟರಲ್ಲಿ ಹಿಟ್ಟನ್ನು ಅಗತ್ಯಕ್ಕಿಂತ ಹೆಚ್ಚು ತಿರುವಿರುತ್ತೇವೆ. ಇಲ್ಲಿಂದ ಮುಂದೆ ಬೀಟರ್ ಬದಿಗಿಟ್ಟು ಅಗಲವಾದ ಸ್ಪಾಚುಲಾ ಹಿಡಿಯಿರಿ: ಹಿಟ್ಟಿನ ಮೂರನೆಯ ಒಂದು ಭಾಗ, ಮಜ್ಜಿಗೆಯ ಅರ್ಧ, ಮತ್ತೆ ಹಿಟ್ಟು, ಉಳಿದ ಮಜ್ಜಿಗೆ, ಕೊನೆಗೆ ಉಳಿದ ಹಿಟ್ಟು ಎಂಬ ಕ್ರಮದಲ್ಲಿ, ತಳದಿಂದ ಮೇಲಕ್ಕೆ ಮಗುಚುತ್ತಾ ಬೆರೆಸಿ. ಒಣ ಹಿಟ್ಟು ಕಾಣದಂತಾದರೆ ಸಾಕು, ಅಲ್ಲೊಂದು ಇಲ್ಲೊಂದು ಸಣ್ಣ ಗಂಟು ಉಳಿದರೆ ಚಿಂತೆಯಿಲ್ಲ. ಎಲ್ಲಕ್ಕೂ ಕೊನೆಗೆ ವಿನಿಗರ್ ಸುರಿಯಿರಿ; ಅದು ಬಿದ್ದ ಜಾಗದಲ್ಲಿ ಹಿಟ್ಟು ಸಣ್ಣಗೆ ಗುಳ್ಳೆಯೆದ್ದು, ಕಿವಿ ಹತ್ತಿರ ತಂದರೆ ನೆನೆದ ಮಣ್ಣಿಗೆ ನೀರಿಳಿಯುವಂಥ ಮೆಲ್ಲನೆಯ ಸದ್ದು ಕೇಳುತ್ತದೆ. ಹತ್ತು ಬಾರಿ ಮಗುಚಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಇಡ್ಲಿ ಹಿಟ್ಟಿನಂತೆ ನಿಧಾನವಾಗಿ ಇಳಿಯುವ ಆ ಮಿಶ್ರಣವನ್ನು ತಕ್ಷಣ ಟಿನ್ನುಗಳಿಗೆ ತುಂಬಿ ಒವನ್‌ಗೆ ಸೇರಿಸಿ.

28ರಿಂದ 32 ನಿಮಿಷದಲ್ಲಿ ಬೇಯುತ್ತದೆ. ಮೊದಲ 25 ನಿಮಿಷ ಒವನ್ ಬಾಗಿಲು ತೆರೆಯಬೇಡಿ. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಮೇಲ್ಮೈ ಮತ್ತೆ ಮೇಲೇಳಬೇಕು, ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದೆ ಒಂದೆರಡು ತೇವದ ಪುಡಿ ಮಾತ್ರ ಅಂಟಬೇಕು; ಕಡ್ಡಿ ಪೂರ್ತಿ ಒಣಗಿ ಬರುವವರೆಗೆ ಕಾದರೆ ತಡವಾಯಿತೆಂದೇ ಅರ್ಥ. ಹತ್ತು ನಿಮಿಷ ಟಿನ್ನಿನಲ್ಲೇ ಬಿಟ್ಟು, ನಂತರ ಜಾಲರಿಯ ಮೇಲೆ ಮಗುಚಿ ಪೂರ್ತಿ ಆರಿಸಿ.

ಮೊಟ್ಟೆ ತಿನ್ನದ ಮನೆಗಳಲ್ಲಿ ಎರಡು ಮೊಟ್ಟೆಗಳ ಬದಲು 120 ಗ್ರಾಂ ಗಟ್ಟಿ ಮೊಸರು ಹಾಕಿ, ಬೇಕಿಂಗ್ ಪೌಡರನ್ನು ಒಂದೂವರೆ ಚಮಚ ಮಾಡಿ, 165 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಬಹುದು. ಈ ಕೇಕು ಬಿಸಿಯಲ್ಲಿ ಬೇಗ ಮುರಿಯುವುದರಿಂದ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೇ ಕತ್ತರಿಸಬೇಕು. ಒವನ್ ಇಲ್ಲದವರು ದಪ್ಪ ತಳದ ಕುಕ್ಕರಿನಲ್ಲಿ ಉಪ್ಪು ಹರಡಿ, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು, ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ ಬೇಯಿಸಿದರೆ ಚೆನ್ನಾಗಿಯೇ ಬರುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಟಿನ್ನು ಹಿಡಿಸುವ ಕಾರಣ ಹಿಟ್ಟನ್ನೂ ಅರ್ಧರ್ಧವಾಗಿ ಎರಡು ಸಲ ಕಲಸಿಕೊಳ್ಳಬೇಕು.

ಮೇಲಿನ ಕ್ರೀಮಿಗೆ ಇಂದು ಎಲ್ಲರೂ ಬಳಸುವುದು ಕ್ರೀಮ್ ಚೀಸ್. 100 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು 150 ಗ್ರಾಂ ಐಸಿಂಗ್ ಸಕ್ಕರೆಯೊಂದಿಗೆ ಮೊದಲು ಹಗುರಾಗುವಂತೆ ಕಡೆದು, ಆಮೇಲೆ ಫ್ರಿಜ್‌ನಿಂದ ಆಗಷ್ಟೇ ತೆಗೆದ 225 ಗ್ರಾಂ ಕ್ರೀಮ್ ಚೀಸನ್ನು ಸೇರಿಸಿ ಅರ್ಧ ನಿಮಿಷ ಮಾತ್ರ ಕಡೆಯಬೇಕು. ಹೆಚ್ಚು ಕಡೆದರೆ ಚೀಸ್ ನೀರು ಬಿಟ್ಟು ಕ್ರೀಮು ಹರಿಯತೊಡಗುತ್ತದೆ, ಆಮೇಲೆ ಎಷ್ಟು ಸಕ್ಕರೆ ಸುರಿದರೂ ಅದು ಸರಿಹೋಗುವುದಿಲ್ಲ. ಬೆಂಗಳೂರು, ಮೈಸೂರಿನ ಹವೆಯಲ್ಲಿ ಇದು ನಿಲ್ಲುತ್ತದೆ; ಮಂಗಳೂರು, ಉಡುಪಿಯ ಸೆಕೆಯಲ್ಲಿ ಮೇಜಿನ ಮೇಲೆ ಹೆಚ್ಚು ಹೊತ್ತು ನಿಲ್ಲದು.

ನನ್ನ ಮೆಚ್ಚುಗೆ ಇದಕ್ಕಿಂತ ಹಳೆಯದಾದ, ಈ ಕೇಕಿನ ಮೂಲ ಸಂಗಾತಿಯಾದ ಅರ್ಮಿನ್ ಕ್ರೀಮಿಗೆ. 240 ಮಿಲಿಲೀಟರ್ ಹಾಲಿಗೆ 30 ಗ್ರಾಂ ಮೈದಾ ಮತ್ತು 200 ಗ್ರಾಂ ಸಕ್ಕರೆ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಹೋದರೆ ಏಳೆಂಟು ನಿಮಿಷದಲ್ಲಿ ಅದು ಗಟ್ಟಿ ಗಂಜಿಯ ಹದಕ್ಕೆ ಬರುತ್ತದೆ. ಸೌಟು ಎಳೆದ ಗೆರೆ ತಳದಲ್ಲಿ ಒಂದೆರಡು ಕ್ಷಣ ಉಳಿಯಬೇಕು. ಕೆನೆ ಕಟ್ಟದಂತೆ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೈಗೆ ತಾಗುವಂತೆ ಮುಚ್ಚಿ ಪೂರ್ತಿ ತಣಿಸಿ. 225 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಐದು ನಿಮಿಷ ಕಡೆದು, ಈ ಗಂಜಿಯನ್ನು ಚಮಚ ಚಮಚವಾಗಿ ಸೇರಿಸುತ್ತಾ ಹೋಗಿ, ವೆನಿಲಾ ಮತ್ತು ಚಿಟಿಕೆ ಉಪ್ಪು ಹಾಕಿ. ಗಂಜಿಯಲ್ಲಿ ಒಂದಿಷ್ಟು ಬಿಸಿ ಉಳಿದಿದ್ದರೂ ಬೆಣ್ಣೆ ಕರಗುತ್ತದೆ. ಹಾಗಾದರೆ ಬಟ್ಟಲನ್ನು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ಮತ್ತೆ ಕಡೆದರೆ ಸರಿಯಾಗುತ್ತದೆ. ಬಾಯಲ್ಲಿ ಇದು ಹಾಲಿನ ಕೆನೆಯಷ್ಟು ಹಗುರ, ಸಿಹಿಯೂ ಮಿತ, ಕೇಕಿನ ಹುಳಿಯನ್ನು ಮರೆಮಾಡದೆ ಅದರ ಜೊತೆಗೆ ನಿಲ್ಲುತ್ತದೆ.

ಸಮಾರಂಭದ ಹಿಂದಿನ ದಿನವೇ ಕೇಕು ಬೇಯಿಸಿ, ಆರಿದ ಮೇಲೆ ಸುತ್ತಿ ಫ್ರಿಜ್‌ನಲ್ಲಿಡುವುದು ಉತ್ತಮ. ತಣ್ಣಗಿನ ಕೇಕಿನ ಉಬ್ಬಿದ ನೆತ್ತಿಯನ್ನು ಗರಗಸದಂಥ ಹಲ್ಲಿರುವ ಚಾಕುವಿನಿಂದ ಸಮ ಮಾಡಿ, ಆ ತುಣುಕುಗಳನ್ನು ಪುಡಿ ಮಾಡಿ ಅಲಂಕಾರಕ್ಕೆ ಎತ್ತಿಡಿ. ಸಕ್ಕರೆ ಪಾಕ ಸವರುವ ಅಭ್ಯಾಸ ಇಲ್ಲಿ ಬೇಡ, ಎಣ್ಣೆ ಮತ್ತು ಮಜ್ಜಿಗೆ ಸಾಕಷ್ಟು ತೇವವನ್ನು ಹಿಡಿದಿಟ್ಟಿರುತ್ತವೆ. ಎರಡು ಪದರಗಳ ನಡುವೆ ಕ್ರೀಮು ಹರಡಿ, ಹೊರಮೈಗೆ ಮೊದಲು ತೆಳುವಾಗಿ ಒಂದು ಲೇಪ ಕೊಟ್ಟು ಅರ್ಧ ಗಂಟೆ ತಣಿಸಿದರೆ ಕೆಂಪು ಪುಡಿಗಳೆಲ್ಲ ಅದರಲ್ಲೇ ಸಿಕ್ಕಿಕೊಳ್ಳುತ್ತವೆ, ಎರಡನೆಯ ಲೇಪ ಅಚ್ಚ ಬಿಳಿಯಾಗಿ ಕೂರುತ್ತದೆ. ಕತ್ತರಿಸುವ ಮುಕ್ಕಾಲು ಗಂಟೆ ಮೊದಲು ಹೊರಗಿಡಿ, ಏಕೆಂದರೆ ಫ್ರಿಜ್‌ನ ತಂಪಿಗೆ ಬಿಗಿದ ಬೆಣ್ಣೆ ಸಡಿಲವಾಗದೆ ಮಕಮಲ್ಲಿನ ನವಿರು ತಿಳಿಯುವುದಿಲ್ಲ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಪ್ರತಿ ತುಂಡಿಗೂ ಒರೆಸಿಕೊಂಡು ಕತ್ತರಿಸಿ. ಉಳಿದದ್ದನ್ನು ಎರಡು ಗಂಟೆಯೊಳಗೆ ಮತ್ತೆ ಫ್ರಿಜ್‌ಗೆ ಸೇರಿಸಿ, ಮುಚ್ಚಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ.