ಎರಡು ಕೋಣೆಯ ಮನೆಯಲ್ಲಿ ರಾಗಿ ಮಾಲ್ಟ್: ಯಾವ ಸಾಮಾನು ಬೇಕು, ಯಾವುದು ಬೇಡ

ಹೋದ ಜುಲೈನಲ್ಲಿ ಕೆಳಗಿನ ಮನೆಯ ಹುಡುಗಿ ಒಂದು ಬುಟ್ಟಿ ತುಂಬ ಮೊಳಕೆ ಬಂದ ರಾಗಿ ತಂದು ನನ್ನ ಮುಂದೆ ಇಟ್ಟಳು. "ನೋಡ್ರೀ ಅಕ್ಕಾ, ಇದು ಬೇರೋ, ಬೂಸ್ಟೋ?" ಬುಟ್ಟಿಗೆ ಮೂಗು ಹಿಡಿದರೆ ಗೊತ್ತಾಗಿಹೋಯಿತು. ಮುಗ್ಗಲು ವಾಸನೆ. ಕೈ ಒಳಗೆ ಹಾಕಿದರೆ ನಡುವೆ ಬಿಸಿ. ಎಂಟು ತಿಂಗಳ ಕೂಸಿಗೆ ಅಂತ ಪ್ರೀತಿಯಿಂದ ಮಾಡಿದ್ದನ್ನು ಪೂರ್ತಿ ಚೆಲ್ಲಬೇಕಾಯಿತು. ಬೆಳಗಾವಿಯ ಟಿಳಕವಾಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೀಗೆ ಚೆಲ್ಲಿದ್ದು ಅದು ಮೊದಲ ಸಲವಲ್ಲ.

ರಾಗಿ ಕೆಟ್ಟದ್ದಿರಲಿಲ್ಲ. ಅವಳು ಹೊಸ ಮಿಕ್ಸರ್ ತಂದಿದ್ದಳು, ಮೊಳಕೆ ಬರಿಸುವ ಪ್ಲಾಸ್ಟಿಕ್ ಡಬ್ಬಿ ತಂದಿದ್ದಳು. ಒಣಗಿಸಲು ಮಾತ್ರ ಏನೂ ಇರಲಿಲ್ಲ. ಫ್ಲ್ಯಾಟಿನಲ್ಲಿ ಮಾಲ್ಟ್ ಮಾಡುವವರು ಎಡವುವುದು ಇಲ್ಲಿಯೇ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಒಣಗಿಸುವ ಜಾಗ ಎಲ್ಲಿದೆ ನೋಡಿ. ಪಾತ್ರೆ, ಯಂತ್ರ ಎಲ್ಲ ಆಮೇಲೆ.

ಮಾಲ್ಟ್ ಅಂದರೆ ಬರೀ ಮೊಳಕೆ ಹಿಟ್ಟಲ್ಲ. ಕಾಳು ಮೊಳಕೆ ಒಡೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಕತ್ತರಿಸಿ ಸಿಹಿ ಮಾಡುತ್ತದೆ. ಆ ಕಿಣ್ವ ಉಳಿಯುವ ಹಾಗೆ ಕಾಳನ್ನು ಒಣಗಿಸಿದರೆ ಅದು ಮಾಲ್ಟ್. ಬಿಯರ್ ಮಾಡುವವರು ಬಾರ್ಲಿಗೆ ಮಾಡುವುದೂ ಇದನ್ನೇ. ಅವರು ಮುಂದೆ ಅದನ್ನು ಹುದುಗಿಸುತ್ತಾರೆ, ನಾವು ಗಂಜಿಗೆ ನಿಲ್ಲಿಸುತ್ತೇವೆ.

ಕಾಳು, ಪಾತ್ರೆ, ಜರಡಿ

ಮೊದಲ ಸಲಕ್ಕೆ 1 ಕಿಲೋ ರಾಗಿ ಸಾಕು. ಜಾಸ್ತಿ ಬೇಡ. ಎರಡು ಕೋಣೆಯ ಮನೆ ತಡೆದುಕೊಳ್ಳುವುದು ಅಷ್ಟೇ. ರವಿವಾರ ಪೇಟೆಯ ಕಾಳಿನ ಅಂಗಡಿಯಲ್ಲಿ ನಾಚಣಿ ಅಂದರೂ ಕೊಡುತ್ತಾರೆ. ಪಾಲಿಶ್ ಮಾಡಿದ್ದು, ಹಳೆಯದು ಮೊಳೆಯುವುದಿಲ್ಲ. ಅನುಮಾನವಿದ್ದರೆ ಒಂದು ಚಮಚ ತಂದು ಒದ್ದೆ ಬಟ್ಟೆಯಲ್ಲಿ ಎರಡು ದಿನ ಇಟ್ಟು ನೋಡಿ. ಹತ್ತರಲ್ಲಿ ಒಂಬತ್ತು ಕಾಳಾದರೂ ಮೊಳೆಯದಿದ್ದರೆ ಆ ರಾಗಿ ರೊಟ್ಟಿಗೆ ಇರಲಿ.

ನೆನೆಸಲು 5 ಲೀಟರಿನ ಸ್ಟೀಲ್ ಪಾತೇಲಿ ಮನೆಯಲ್ಲಿ ಇದ್ದೇ ಇರುತ್ತದೆ. ರಾಗಿ ಕಾಳು ಬಲು ಸಣ್ಣದು. ಅನ್ನ ಬಸಿಯುವ ಜಾಲರಿಯಲ್ಲಿ ಅರ್ಧ ರಾಗಿ ಸಿಂಕಿಗೆ ಹೋಗುತ್ತದೆ. ಹಿಟ್ಟು ಜರಡಿ ಹಿಡಿಯುವಷ್ಟು ಸಣ್ಣ ಕಣ್ಣಿನ ಸ್ಟೀಲ್ ಜರಡಿಯೇ ಬೇಕು. ಹತ್ತು ಹನ್ನೆರಡು ತಾಸು ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ. ಈ ಹಂತ ಇಷ್ಟೇ.

ಮೊಳಕೆ ಬರಿಸಲು ಡಬ್ಬಿ ಬೇಡ

ಮಾರುಕಟ್ಟೆಯಲ್ಲಿ ಸಿಗುವ ಮೊಳಕೆ ಡಬ್ಬಿಗಳು ಹೆಸರುಕಾಳಿಗೆ ಸರಿ. ರಾಗಿಗೆ ಬೇಡವೇ ಬೇಡ. ತೂತು ದೊಡ್ಡದು, ಮುಚ್ಚಳ ಬಿಗಿ, ಗಾಳಿ ಆಡುವುದಿಲ್ಲ. ಮೊಳೆಯುವ ಕಾಳು ಉಸಿರಾಡುತ್ತದೆ, ಉಸಿರಾಡುವಾಗ ಬಿಸಿ ಹುಟ್ಟುತ್ತದೆ. ದಪ್ಪಗೆ ತುಂಬಿಟ್ಟರೆ ಆ ಬಿಸಿಗೆ ಹೋಗಲು ದಾರಿ ಇರುವುದಿಲ್ಲ. ಬಟ್ಟೆಯಲ್ಲಿ ಗಂಟು ಬಿಗಿದು ಇಡುವ ರೂಢಿಯೂ ಇದೇ ತಪ್ಪು ಮಾಡುತ್ತದೆ.

ನನ್ನ ಪದ್ಧತಿ ಹಳೆಯದು. ಅಗಲ ಪರಾತದಲ್ಲಿ ಹಳೆಯ ಧೋತರದ ತುಂಡು ತೋಯಿಸಿ ಹಾಸುತ್ತೇನೆ. ಮೇಲೆ ಒಂದು ಬೆರಳ ದಪ್ಪ ರಾಗಿ. ಅದರ ಮೇಲೆ ಇನ್ನೊಂದು ಒದ್ದೆ ಬಟ್ಟೆ, ಸಡಿಲವಾಗಿ. ಆರು ತಾಸಿಗೊಮ್ಮೆ ನೀರು ಚಿಮುಕಿಸಿ ಕೈಯಾಡಿಸಬೇಕು. ಏಪ್ರಿಲ್‌ನಲ್ಲಿ ಒಂದೂವರೆ ದಿನ ಸಾಕು. ಡಿಸೆಂಬರಿನ ಚಳಿಯಲ್ಲಿ ಎರಡರಿಂದ ಮೂರು ದಿನ.

ಈಗ ಆ ಹುಡುಗಿಯ ಪ್ರಶ್ನೆ. ರಾಗಿಯ ಬೇರಿನ ಮೇಲೆ ನವಿರಾದ ಬಿಳಿ ಕೂದಲಿನಂಥದ್ದು ಬರುತ್ತದೆ. ಅದು ಬೇರುಗೂದಲು. ನೀರು ಚಿಮುಕಿಸಿದರೆ ಬೇರಿಗೆ ಅಂಟಿ ಕಾಣದಾಗುತ್ತದೆ, ವಾಸನೆ ಹಸಿ ಸೌತೆಕಾಯಿಯ ಹಾಗಿರುತ್ತದೆ. ಅದನ್ನು ಬೂಸ್ಟು ಅಂತ ಚೆಲ್ಲಿದವರನ್ನೂ ನೋಡಿದ್ದೇನೆ. ನಿಜವಾದ ಬೂಸ್ಟು ಕಾಳಿನಿಂದ ಕಾಳಿಗೆ ಜೇಡರ ಬಲೆಯ ಹಾಗೆ ಹಬ್ಬುತ್ತದೆ. ಬೂದಿ ಬಣ್ಣ ಅಥವಾ ಹಸಿರು, ನೀರಿಗೆ ಹೋಗುವುದಿಲ್ಲ. ಒಂದು ಕಡೆ ಕಂಡರೂ ಇಡೀ ಪರಾತ ಚೆಲ್ಲಿ. ತೊಳೆದು ಹುರಿದರೆ ಸರಿಹೋಗುತ್ತದೆ ಎಂಬುದು ಸುಳ್ಳು. ಬೂಸ್ಟಿನ ವಿಷ ಹಂಚಿನ ಬಿಸಿಗೆ ಸಾಯುವುದಿಲ್ಲ.

ಒಣಗಿಸುವುದು: ದುಡ್ಡು ಹಾಕಬೇಕಾದ್ದು ಇಲ್ಲಿ

1 ಕಿಲೋ ರಾಗಿ ನೆನೆದ ಮೇಲೆ ಒಂದೂಕಾಲರಿಂದ ಒಂದೂವರೆ ಕಿಲೋ ತೂಗುತ್ತದೆ. ಅಂದರೆ ಮೂರ್ನಾಲ್ಕು ನೂರು ಗ್ರಾಂ ನೀರನ್ನು ನಿಮ್ಮ ಮನೆಯ ಗಾಳಿಗೆ ಬಿಡಬೇಕು. ಮಳೆಗಾಲದಲ್ಲಿ ಬೆಳಗಾವಿಯ ಗಾಳಿಯೇ ತೊಯ್ದಿರುತ್ತದೆ. ಮೂರು ದಿನ ಹೊರಗೆ ಹಾಕಿದ ಚಾದರೇ ಒಣಗುವುದಿಲ್ಲ, ರಾಗಿ ಎಲ್ಲಿಂದ ಒಣಗಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಲ್ಟ್ ಮಾಡಲು ಹೋಗಬೇಡಿ. ಫೆಬ್ರುವರಿಯಿಂದ ಮೇ ನಡುವೆ ನಾಲ್ಕು ಸಲ ಮಾಡಿ, ಕಾಳನ್ನೇ ಒಣಗಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಮಳೆಗಾಲ ದಾಟುತ್ತದೆ.

ಬೇಕಾದ ಸಾಮಾನು ಮೂರು: ಟ್ರೇ, ಟೇಬಲ್ ಫ್ಯಾನ್, ಅಡುಗೆಮನೆಯ ಡಿಜಿಟಲ್ ತಕ್ಕಡಿ.

ಟ್ರೇ ರೆಡಿಮೇಡ್ ಹುಡುಕಬೇಡಿ. ಬಡಿಗೇರರ ಹತ್ತಿರ ಒಂದೂವರೆ ಅಡಿ ಚೌಕದ ಎರಡು ಕಟ್ಟಿಗೆ ಚೌಕಟ್ಟು ಮಾಡಿಸಿ. ತಳಕ್ಕೆ ಸ್ಟೀಲ್ ಜಾಲರಿ, ನಾಲ್ಕು ಮೂಲೆಗೆ ನಾಲ್ಕು ಬೆರಳ ಎತ್ತರದ ಕಾಲು. ಆ ಕಾಲು ಮರೆಯಬೇಡಿ. ಕೆಳಗಿನಿಂದಲೂ ಗಾಳಿ ಹೋಗಬೇಕು, ಒಂದರ ಮೇಲೊಂದು ಇಟ್ಟರೂ ನಡುವೆ ಸಂದು ಇರಬೇಕು. ಜಾಲರಿಯ ಮೇಲೆ ಮಲ್‌ಮಲ್ ಬಟ್ಟೆ ಹಾಸಿ, ಇಲ್ಲದಿದ್ದರೆ ಒಣಗಿದ ರಾಗಿ ನೆಲಕ್ಕೆ ಸೋರುತ್ತದೆ. 1 ಕಿಲೋ ರಾಗಿ ಎರಡು ಟ್ರೇಗಳಲ್ಲಿ ಹರಡಿದರೆ ಅರ್ಧ ಸೆಂಟಿಮೀಟರಿನಷ್ಟು ತೆಳುವಾಗುತ್ತದೆ. ಅದಕ್ಕಿಂತ ದಪ್ಪ ಬೇಡ. ಕೆಲಸ ಮುಗಿದ ಮೇಲೆ ಟ್ರೇಗಳು ಕಪಾಟಿನ ಹಿಂದೆ ನಿಂತುಕೊಳ್ಳುತ್ತವೆ. ಸಣ್ಣ ಮನೆಗೆ ಇದೂ ಮುಖ್ಯ ಅಲ್ವಾ?

ಹರಡುವ ಮೊದಲು ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಒಂದು ತಾಸು ನಲ್ಲಿಗೆ ತೂಗುಹಾಕಿ. ಹನಿ ನಿಲ್ಲಬೇಕು. ಕೆಲವರು ಬೇಗ ಆಗಲಿ ಅಂತ ವಾಷಿಂಗ್ ಮಶೀನಿನ ಡ್ರೈಯರಿನಲ್ಲಿ ತಿರುಗಿಸುತ್ತಾರೆ. ಅದರ ಡ್ರಮ್ಮಿನಲ್ಲಿ ಸೋಪಿನ ಪುಡಿ ಅಂಟಿರುತ್ತದೆ. ಮಗು ತಿನ್ನುವ ಕಾಳಿಗೆ ಅದು ಬೇಡ.

ಫ್ಯಾನನ್ನು ಟ್ರೇಯ ಪಕ್ಕದಿಂದ, ಅದೇ ಎತ್ತರಕ್ಕೆ ಹಿಡಿಯಿರಿ. ಮೇಲಿನಿಂದ ಬೀಸಿದರೆ ಮೇಲ್ಪದರ ಮಾತ್ರ ಒಣಗುತ್ತದೆ. ಎದುರಿನ ಕಿಟಕಿ ತೆರೆದಿರಲಿ. ಅಡುಗೆಮನೆಯಲ್ಲಿ ಇಡಬೇಡಿ, ಕುಕ್ಕರಿನ ಆವಿ ಎಲ್ಲವನ್ನೂ ಕೆಡಿಸುತ್ತದೆ. ನಾನು ಮಲಗುವ ಕೋಣೆಯಲ್ಲಿ ಇಡುತ್ತೇನೆ. ಎರಡು ತಾಸಿಗೊಮ್ಮೆ ಕೈಯಿಂದ ತಿರುವಿಹಾಕಿ. ಮೊದಲ ಹತ್ತು ತಾಸಿನಲ್ಲೇ ಎಲ್ಲ ತೀರ್ಮಾನವಾಗುತ್ತದೆ. ಅಷ್ಟರೊಳಗೆ ಕಾಳು ಕೈಗೆ ಅಂಟದೆ ಬಿಡಿಬಿಡಿಯಾಗಿ ಉದುರಬೇಕು. ಹಾಗಾಗಿ ಬೆಳಿಗ್ಗೆ ಶುರುಮಾಡಿ, ರಾತ್ರಿ ಅಲ್ಲ. 55 ವ್ಯಾಟಿನ ಫ್ಯಾನ್ ಹತ್ತು ತಾಸು ಓಡಿದರೂ ಕರೆಂಟು ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಮರುದಿನ ಬಾಲ್ಕನಿಯ ಬಿಸಿಲಿಗೆ ಇಡಿ. ಮೇಲೆ ತೆಳು ಬಟ್ಟೆ ಹೊದಿಸಿ ನಾಲ್ಕೂ ಕಡೆ ಕ್ಲಿಪ್ ಹಾಕಿ. ಇಲ್ಲದಿದ್ದರೆ ಪಾರಿವಾಳ ಬಿಡುವುದಿಲ್ಲ. ಸಂಜೆ ಒಳಗೆ ತನ್ನಿ.

ಒಣಗಿತೋ ಇಲ್ಲವೋ ಅಂತ ಕೈಯಿಂದ ಮುಟ್ಟಿ ಹೇಳುವುದನ್ನು ನಾನು ನಂಬುವುದಿಲ್ಲ. ತೂಕ ನಂಬುತ್ತೇನೆ. ಖಾಲಿ ಟ್ರೇಯ ತೂಕವನ್ನು ಬಟ್ಟೆ ಸಮೇತ ನೋಡಿ ಚೌಕಟ್ಟಿನ ಮೇಲೆ ಮಾರ್ಕರ್‌ನಿಂದ ಬರೆದುಬಿಡಿ. ನನ್ನ ಒಂದು ಟ್ರೇಯ ಮೇಲೆ 640 ಅಂತ ಇದೆ, ಇನ್ನೊಂದರ ಮೇಲೆ 655. ಕಾಳು ಸಮೇತ ತೂಗಿ ಅದನ್ನು ಕಳೆದರೆ ಆಯಿತು. 1 ಕಿಲೋ ಒಣ ರಾಗಿಯಿಂದ ಶುರುಮಾಡಿದ್ದರೆ ಕೊನೆಗೆ 1 ಕಿಲೋಗಿಂತ ಕಡಿಮೆಯೇ ಬರಬೇಕು, ಯಾಕೆಂದರೆ ಮೊಳೆಯುವಾಗ ಕಾಳು ತನ್ನ ಪಿಷ್ಟವನ್ನು ತಾನೇ ಸ್ವಲ್ಪ ಉಂಡಿರುತ್ತದೆ. ಎರಡೂ ಟ್ರೇಯ ಕಾಳು ಸೇರಿ 1,050 ಗ್ರಾಂ ಬಂದರೆ ನೀರು ಇನ್ನೂ ಒಳಗಿದೆ. ಎರಡು ಸಲ, ನಾಲ್ಕು ತಾಸಿನ ಅಂತರದಲ್ಲಿ, ಒಂದೇ ತೂಕ ಬಂದ ಮೇಲೆ ನಿಲ್ಲಿಸಿ.

ವಿದ್ಯುತ್ ಡ್ರೈಯರ್ ಕೊಳ್ಳಬೇಕೇ ಅಂತ ಬಹಳ ಜನ ಕೇಳುತ್ತಾರೆ. ನಾನು ಒಂದು ಕೊಂಡಿದ್ದೆ. ದುಂಡನೆಯ ಐದು ಅಂತಸ್ತಿನದು, ಫ್ಯಾನ್ ತಳದಲ್ಲಿ. ಥರ್ಮಾಮೀಟರ್ ಇಟ್ಟು ನೋಡಿದರೆ ತಳದ ತಟ್ಟೆಯಲ್ಲಿ 68 ಡಿಗ್ರಿ, ಮೇಲಿನದರಲ್ಲಿ 41. ತಳದ ರಾಗಿ ಗಟ್ಟಿಯಾಗಿ ಕೆಂಪಾಯಿತು, ಮೇಲಿನದು ಹುಳಿ ಹಿಡಿಯಿತು. ತಟ್ಟೆಯ ತೂತಿನಿಂದ ಕಾಳು ಫ್ಯಾನಿಗೇ ಬಿತ್ತು. ಕೊಳ್ಳುವುದೇ ಆದರೆ ಫ್ಯಾನ್ ಹಿಂಬದಿಯಲ್ಲಿ ಇರುವ, ಚೌಕ ತಟ್ಟೆಯ, ಉಷ್ಣತೆ ಬದಲಿಸುವ ಗುಂಡಿ ಇರುವುದನ್ನೇ ಕೊಳ್ಳಿ. ಒದ್ದೆ ಕಾಳಿಗೆ 50 ಡಿಗ್ರಿ ದಾಟಿಸಬೇಡಿ. ಒದ್ದೆ ಇದ್ದಾಗ ಜಾಸ್ತಿ ಕಾಯಿಸಿದರೆ ಕಿಣ್ವ ಸಾಯುತ್ತದೆ. ಕೇಕ್ ಮಾಡುವ ಓವನ್ನೂ ಇದಕ್ಕೆ ಆಗುವುದಿಲ್ಲ, ಬಹಳಷ್ಟು ಓವನ್‌ಗಳು 100 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಇಲ್ಲ.

ಜೋಳದ ಬಗ್ಗೆ ಒಂದು ಮಾತು

ನಮ್ಮ ಕಡೆ ಜೋಳ ಮನೆಮನೆಯಲ್ಲಿ ಇರುತ್ತದೆ, ಅದನ್ನೇ ಮೊಳಕೆ ಬರಿಸಿದರೆ ಆಯಿತಲ್ಲ ಅನ್ನುತ್ತಾರೆ. ಎಳೆ ಜೋಳದ ಪೈರಿಗೆ ದನ ಬಿಡಬಾರದು ಅಂತ ಹೊಲದವರಿಗೆಲ್ಲ ಗೊತ್ತು. ಆ ವಿಷದ ಮೂಲ ಜೋಳದ ಮೊಳಕೆಯಲ್ಲೂ ಇದೆ, ಅದು ಸಯನೈಡ್ ಬಿಡುತ್ತದೆ. ದೊಡ್ಡವರಿಗೆ ಮಾಡುವುದಾದರೂ ಒಣಗಿದ ಮೇಲೆ ಮೊಳಕೆ, ಬೇರು ಎಲ್ಲವನ್ನೂ ಉಜ್ಜಿ ತೆಗೆಯಲೇಬೇಕು. ಮಕ್ಕಳಿಗೆ ಜೋಳದ ಮಾಲ್ಟ್ ಮನೆಯಲ್ಲಿ ಮಾಡಲೇಬೇಡಿ. ರಾಗಿಗೆ ಈ ಭಯವಿಲ್ಲ. ಮೇಲಾಗಿ 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ.

ಉಜ್ಜುವುದು, ಹುರಿಯುವುದು, ಬೀಸುವುದು

ಒಣಗಿದ ರಾಗಿಯನ್ನು ಒರಟು ಬಟ್ಟೆಯಲ್ಲಿ ಹಾಕಿ ಉಜ್ಜಿ. ಬೇರು ಮುರಿದು ಬೀಳುತ್ತದೆ. ಮೊರದಲ್ಲಿ ಕೇರಿ. ಬೇರು ಉಳಿದರೆ ಹಿಟ್ಟು ಕಹಿ.

ಪರಿಮಳಕ್ಕೆ ದಪ್ಪ ತಳದ ಹಂಚಿನಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿಯಬಹುದು. ಆದರೆ ಕಾಲು ಭಾಗವನ್ನು ಹುರಿಯದೆ ಬೇರೆ ಇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೀಸಲು ಮನೆಗಿರಣಿ ಯಂತ್ರ ಕೊಳ್ಳಬೇಡಿ. ಫ್ರಿಜ್ಜಿನ ಅರ್ಧದಷ್ಟು ಜಾಗ ತಿನ್ನುತ್ತದೆ, ತಿಂಗಳಿಗೆ 1 ಕಿಲೋಗೆ ಅದು ದಂಡ. ಓಣಿಯ ಗಿರಣಿಗೆ ಹೋಗಿ, ಜೋಳದ ಕಲ್ಲಿಗೆ ಹಾಕಿಸಿ. ಗೋದಿ ಬೀಸಿದ ಕಲ್ಲಿಗೆ ಬೇಡ, ಮೊದಲಿನವರ ಹಿಟ್ಟು ನಿಮ್ಮದರಲ್ಲಿ ಬರುತ್ತದೆ. "ಮೊದಲ ಹಿಡಿ ಬೇರೆ ಹಿಡೀರಿ ಅಣ್ಣಾ" ಅಂದರೆ ಗಿರಣಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ಹುರಿಯದೆ ಇಟ್ಟ ಭಾಗವನ್ನು ಮಾತ್ರ ಮನೆಯ ಮಿಕ್ಸರಿನಲ್ಲಿ, ಎರಡೆರಡು ಹಿಡಿ ಹಾಕಿ, ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ ಬೀಸಿ. ಜಾರು ಬಿಸಿಯಾಗಬಾರದು.

ಥರ್ಮಾಮೀಟರ್ ಮತ್ತು ಗಂಜಿ

ಇದೊಂದು ಸಣ್ಣ ಸಾಮಾನಿಗೆ ಜನ ದುಡ್ಡು ಉಳಿಸುತ್ತಾರೆ, ಉಳಿಸಬೇಡಿ. ಮೊಳೆಯಂಥ ಸ್ಟೀಲ್ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ತನ್ನಿ. ದೂರದಿಂದ ಕೆಂಪು ಬೆಳಕು ಬಿಡುವ ಗನ್ ಬೇಡ, ಅದು ಗಂಜಿಯ ಮೇಲಿನ ಕೆನೆಯನ್ನು ಮಾತ್ರ ಅಳೆಯುತ್ತದೆ. ತಂದ ದಿನವೇ ಪರೀಕ್ಷೆ ಮಾಡಿ. ಬರ್ಫು ತುಂಬಿದ ನೀರಿನಲ್ಲಿ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಬರಲಿಲ್ಲ ಅಂತ ಅಂಗಡಿಗೆ ವಾಪಸ್ ಒಯ್ಯಬೇಡಿ. ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರಿನಷ್ಟು ಎತ್ತರದಲ್ಲಿದೆ, ಇಲ್ಲಿ ನೀರು 97-98 ಡಿಗ್ರಿಗೇ ಕುದಿಯುತ್ತದೆ.

ಈಗ ಆ ಹುರಿಯದ ಹಿಟ್ಟಿನ ಕೆಲಸ. ಹುರಿದ ಹಿಟ್ಟಿನಿಂದ ಗಂಜಿಯನ್ನು ಚಮಚ ನಿಲ್ಲುವಷ್ಟು ಗಟ್ಟಿ ಬೇಯಿಸಿ. ಒಲೆಯಿಂದ ಇಳಿಸಿ 65 ಡಿಗ್ರಿಗೆ ಬರುವವರೆಗೆ ಕಾಯಿರಿ. ಒಂದು ಚಮಚ ಹುರಿಯದ ಮಾಲ್ಟ್ ಹಾಕಿ ಕಲಸಿ. ಕೆಲವೇ ನಿಮಿಷಗಳಲ್ಲಿ ಚಮಚ ಜಾರಿ ಬೀಳುತ್ತದೆ, ಗಂಜಿ ಪಾಯಸದ ಹಾಗೆ ಹರಿಯುತ್ತದೆ, ನಾಲಿಗೆಗೆ ಸಣ್ಣ ಸಿಹಿ. ಕುದಿಯುವಾಗಲೇ ಹಾಕಿದರೆ ಕಿಣ್ವ ಸತ್ತು ಏನೂ ಆಗುವುದಿಲ್ಲ. ತೆಳುವಾದ ಮೇಲೆ ಮತ್ತೊಮ್ಮೆ ಚೆನ್ನಾಗಿ ಕುದಿಸಿ, ಯಾಕೆಂದರೆ ಆ ಹಿಟ್ಟು ಹಸಿಯದು. ನೀರು ಸುರಿದು ತೆಳು ಮಾಡಿದ ಗಂಜಿಯಲ್ಲಿ ಕೂಸಿನ ಹೊಟ್ಟೆಗೆ ಹೋಗುವುದು ನೀರೇ ಜಾಸ್ತಿ. ಇದರಲ್ಲಿ ಹಿಟ್ಟು ಅಷ್ಟೇ ಇರುತ್ತದೆ, ನುಂಗಲು ಮಾತ್ರ ಹಗುರ. ಆರು ತಿಂಗಳು ತುಂಬಿದ ಮೇಲೆಯೇ ಕೊಡಿ, ಅಲ್ಲಿಯವರೆಗೆ ತಾಯಿಹಾಲು ಸಾಕು.

ಕೆಳಗಿನ ಮನೆಯ ಹುಡುಗಿ ಈ ಮಾರ್ಚಿನಲ್ಲಿ ನನ್ನ ಟ್ರೇಗಳನ್ನೇ ಒಯ್ದು ಮಾಡಿದಳು. ಕಾಳಿನ ತೂಕ 930 ಗ್ರಾಂ ಬಂತು. ಕಾಳನ್ನು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತುಂಬಿಸಿ, ಹಿಟ್ಟು ಎರಡು ಮೂರು ವಾರಕ್ಕೆ ಬೇಕಾದಷ್ಟೇ ಬೀಸಲು ಹೇಳಿದೆ. ಡಬ್ಬಿಯ ಮೇಲೆ ಅವಳು ತಾರೀಖು ಬರೆದು ಅಂಟಿಸಿದ್ದಾಳೆ.