ಕಡಿಮೆ ಬೆಲೆಯ ನೀಲಿ ಇಂಕನ್ನು ಕಲಬುರಗಿ ಬಿಸಿಲಲ್ಲೇ ಪರೀಕ್ಷೆ ಮಾಡಿ

ಫೌಂಟನ್ ಪೆನ್ನಿಗೆ ಹೊಸ ಇಂಕ್ ತಂದ ಕೂಡಲೇ ದಪ್ಪ ಬಿಳಿ ಹಾಳೆಯ ಮೇಲೆ ನಾಲ್ಕು ಗೆರೆ ಎಳೆದು "ಚೆನ್ನಾಗಿದೆ" ಅಂದುಬಿಡಬೇಡಿ. ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣ, ಬೋರಿನ ನೀರು ಸವಳು, ನಾವು ಬರೆಯುವುದು ಸಾದಾ ನೋಟ್‌ಬುಕ್ಕಿನಲ್ಲಿ. ಪರೀಕ್ಷೆಯೂ ಇದರಲ್ಲೇ ಆಗಬೇಕು, ಅಲ್ವಾ?

ಶುರುವಿಗೆ ಕ್ಯಾಮ್ಲಿನ್ ಅಥವಾ ಬ್ರಿಲ್‌ನ ರಾಯಲ್ ಬ್ಲೂ ಸಾಕು. ಕ್ಯಾಮ್ಲಿನ್ ಕಂಪನಿ 1931ರಲ್ಲಿ ಇಂಕ್ ಪುಡಿ ಮಾರುತ್ತಲೇ ಶುರುವಾದದ್ದು. ಬಾಟ್ಲಿಯ ಮೇಲೆ ಫೌಂಟನ್ ಪೆನ್ ಇಂಕ್ ಅಂತ ಬರೆದಿದೆಯಾ ನೋಡಿಕೊಳ್ಳಿ. ಪಕ್ಕದಲ್ಲೇ ಇಟ್ಟಿರುವ ಡ್ರಾಯಿಂಗ್ ಇಂಕ್ ತಂದು ತುಂಬಿದರೆ ಅದು ಒಳಗೆ ಒಣಗಿ ಗಟ್ಟಿಯಾಗಿ ಪೆನ್ನೇ ಹಾಳಾಗುತ್ತದೆ.

ಮೊದಲು ಪೆನ್ನು ತೊಳೆಯಿರಿ. ಇಲ್ಲಿ ಅವಸರ ಬೇಡ. ಸವಳು ನೀರಲ್ಲಿ ತೊಳೆದರೆ ನೀರು ಆರಿದ ಮೇಲೆ ನಿಬ್ಬಿನ ಕೆಳಗಿನ ನಾಲಿಗೆಯ ಸಣ್ಣ ಸೀಳುಗಳಲ್ಲಿ ಉಪ್ಪು ಉಳಿಯುತ್ತದೆ, ಆಮೇಲೆ ಇಂಕು ಸರಿಯಾಗಿ ಇಳಿಯದಿದ್ದರೆ ಬೈಗುಳ ಇಂಕಿಗೆ ಬೀಳುತ್ತದೆ. ಆರ್‌ಓ ನೀರು ಬಳಸಿ, ಬಿಸಿ ನೀರು ಬೇಡ. ನೀರು ಬಣ್ಣವಿಲ್ಲದೆ ಹೊರಬರುವ ತನಕ ತೊಳೆದು, ನಿಬ್ಬು ಕೆಳಗೆ ಮಾಡಿ ಹಳೆಯ ಹತ್ತಿ ಬಟ್ಟೆಯ ಮೇಲೆ ರಾತ್ರಿಯಿಡೀ ಇಡಿ. ಹೊಸ ಪೆನ್ನಿನಲ್ಲಿ ಹೊಸ ಇಂಕ್ ನೋಡಲು ಹೋಗಬೇಡಿ, ದೋಷ ಯಾವುದರದು ಅಂತ ಗೊತ್ತಾಗುವುದಿಲ್ಲ. ನಿಮ್ಮ ಕೈಗೆ ಪಳಗಿದ ಪೆನ್ನೇ ಇರಲಿ.

ತುಂಬಿದ ಮೇಲೆ ಕನಿಷ್ಠ ಅರ್ಧ ಪುಟ ಬರೆಯಿರಿ. ಆಗಷ್ಟೇ ತುಂಬಿದ ಪೆನ್ನಿನ ನಾಲಿಗೆಯಲ್ಲಿ ಇಂಕು ಜಾಸ್ತಿ ನಿಂತಿರುತ್ತದೆ, ಮೊದಲ ಸಾಲುಗಳು ಗಾಢವಾಗಿ ಕಾಣುತ್ತವೆ. ನಿಜವಾದ ಬಣ್ಣ ಅದಾದ ಮೇಲೆ ಬರುವುದು. ಇದನ್ನೇ ನೋಟ್‌ಬುಕ್ಕಿನಲ್ಲಿ, ಜೆರಾಕ್ಸ್ ಹಾಳೆಯಲ್ಲಿ ಎರಡರಲ್ಲೂ ಮಾಡಿ. ಅಕ್ಷರದ ಅಂಚು ಹರಡಿದೆಯಾ, ಹಾಳೆಯ ಹಿಂಬದಿಗೆ ಇಳಿದಿದೆಯಾ ನೋಡಿ. 5, 10, 20 ಸೆಕೆಂಡಿಗೆ ಒಂದೊಂದು ಗೆರೆಯನ್ನು ಬೆರಳಿನಿಂದ ಒರೆಸಿ, ಎಷ್ಟು ಬೇಗ ಆರುತ್ತದೆ ಅಂತ ತಿಳಿಯುತ್ತದೆ.

ಈಗ ನಮ್ಮ ಊರಿನ ಪರೀಕ್ಷೆ. ಫ್ಯಾನ್ ಹಾಕಿ, ಮುಚ್ಚಳ ತೆಗೆದು ಪೆನ್ನು ಮೇಜಿನ ಮೇಲಿಡಿ. ಒಂದು ನಿಮಿಷ ಬಿಟ್ಟು ಬರೆಯಿರಿ, ಆಮೇಲೆ ಮೂರು, ಆಮೇಲೆ ಐದು. ಪಾಠ ಕೇಳುತ್ತಾ ಟಿಪ್ಪಣಿ ಬರೆಯುವವರಿಗೆ ಇದೇ ಮುಖ್ಯ, ನಡುವೆ ನಿಲ್ಲಿಸಿ ಮತ್ತೆ ಬರೆಯಲು ಹೋದಾಗ ನಿಬ್ಬು ಒಣಗಿದ್ದರೆ ಸಾಲೇ ತಪ್ಪಿಹೋಗುತ್ತದೆ. ಮುಚ್ಚಳ ಹಾಕಿ ರಾತ್ರಿ ಇಟ್ಟು ಬೆಳಿಗ್ಗೆಯ ಮೊದಲ ಅಕ್ಷರವನ್ನೂ ನೋಡಿ.

ಕೊಳವೆಗೇ ಇಂಕು ಸುರಿದು ತುಂಬುವ ಪೆನ್ನಾದರೆ ಒಂದು ಮಾತು. ಇಂಕು ಅರ್ಧಕ್ಕಿಂತ ಕಡಿಮೆಯಾದಾಗ ಒಳಗೆ ಗಾಳಿ ಜಾಸ್ತಿ ಇರುತ್ತದೆ, ಕೈಯ ಬಿಸಿಗೋ ಬಿಸಿಲಿಗೋ ಆ ಗಾಳಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ, ಪೆನ್ನು ಕಾರುತ್ತದೆ. ಅದು ಇಂಕಿನ ತಪ್ಪಲ್ಲ. ಪೂರ್ತಿ ಖಾಲಿಯಾಗುವ ಮೊದಲೇ ತುಂಬಿಕೊಳ್ಳಿ, ಗಾಡಿಯ ಡಿಕ್ಕಿಯಲ್ಲಂತೂ ಇಡಲೇಬೇಡಿ.

ಆರಿದ ಅಕ್ಷರದ ಮೇಲೆ ಒಂದು ಹನಿ ನೀರು ಹಾಕಿ, ನಿಮಿಷ ಬಿಟ್ಟು ಒತ್ತಿ ತೆಗೆಯಿರಿ. ರಾಯಲ್ ಬ್ಲೂ ಬಹುಪಾಲು ಎದ್ದುಬರುತ್ತದೆ. ಅದು ತೊಳೆದರೆ ಹೋಗುವ ಜಾತಿ. ಅಂಗಿಗೆ ಬಿದ್ದಾಗ ಇದೇ ಒಳ್ಳೆಯದು, ಆದರೆ ಚೆಕ್ಕಿಗೆ, ಬಾಂಡ್ ಪೇಪರಿಗೆ ಇದನ್ನು ಬಳಸಬೇಡಿ. ಇನ್ನೊಂದು ಚೀಟಿಯಲ್ಲಿ ಬರೆದು ಅರ್ಧಕ್ಕೆ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ವಾರ ಇಡಿ. ಎರಡು ಅರ್ಧಗಳನ್ನು ಹೋಲಿಸಿದರೆ, ವರ್ಷಗಟ್ಟಲೆ ಇಡಬೇಕಾದ ಡೈರಿಗೆ ಈ ಇಂಕು ಆಗುತ್ತದೋ ಇಲ್ಲವೋ ನಿಮಗೇ ತಿಳಿಯುತ್ತದೆ.

ಪೆನ್ನಲ್ಲಿ ಉಳಿದ ಇಂಕನ್ನು ಸುಮ್ನೆ ಬಾಟ್ಲಿಗೆ ವಾಪಸ್ ಹಾಕಬೇಡಿ, ಕೊಳೆ ಸೇರಿ ಬೂಸ್ಟು ಹಿಡಿಯಬಹುದು. ಬಾಟ್ಲಿಯನ್ನು ಅದರ ಡಬ್ಬಿಯಲ್ಲೇ, ಕಪಾಟಿನ ತಂಪಾದ ಮೂಲೆಯಲ್ಲಿ ಇಡಿ. ಮೇಲೆ ಕೆನೆಯಂಥದ್ದೇನಾದರೂ ಕಂಡರೆ, ಕೆಟ್ಟ ವಾಸನೆ ಬಂದರೆ, ಆ ಇಂಕು ಪೆನ್ನಿಗೆ ಬೇಡ.